'ನೀವು ನಿಜವಾದ ಫ್ಯಾನ್ ಅಲ್ಲ' ಅಂದವರಿಗೆ ಉತ್ತರ ಕೊಡ್ಲೇಬೇಕಾ?

ಪ್ರಶ್ನೆ: ನಾನು ಫ್ಯಾಂಟಸಿಗೆ ಬಂದಿದ್ದು ಸೀರೀಸ್ ನೋಡಿ, ಆಮೇಲೆ ಗೇಮ್ಸ್, ಪುಸ್ತಕ ಹಿಡಿದಿದ್ದು ಎಲ್ಲಾ ಆದ್ಮೇಲೆ. ಹೋದ ವರ್ಷ ಸೈ-ಫೈ ಮತ್ತು ಫ್ಯಾಂಟಸಿ ಓದೋರ ಒಂದು ಗುಂಪು ಸೇರ್ಕೊಂಡೆ. ಮೊದಲ ದಿನಾನೇ ಒಬ್ಬ ಹಿರಿಯ ಸದಸ್ಯರು 'ಕ್ಲಾಸಿಕ್ಸ್ ಏನೇನ್ ಓದಿದೀರಾ' ಅಂತ ಶುರು ಮಾಡಿದ್ರು, ಒಂದೊಂದೇ ಹೆಸರು ಹೇಳ್ತಾ ಹೋದ್ರು, ನಾನು ಓದಿಲ್ಲ, ಓದಿಲ್ಲ ಅಂತ ಹೇಳ್ತಾ ಹೋದೆ. ಕೊನೇಲಿ 'ಹಾಗಾದ್ರೆ ನೀವು ಶೋ ಫ್ಯಾನ್ ಅಷ್ಟೇ, ನಿಜವಾದ ಫ್ಯಾನ್ ಅಲ್ಲ' ಅಂದ್ರು, ಸುತ್ತ ಇದ್ದೋರು ನಕ್ಕರು. ಅವತ್ತಿಂದ ಅಲ್ಲಿ ಬಾಯಿ ಬಿಟ್ಟಿಲ್ಲ. ಈಗ ಓದೋಕೆ ಕೂತ್ರೂ ಹೆಸರು, ಇಸವಿ, ವಂಶಾವಳಿ ಎಲ್ಲಾ ನೋಟ್ಸ್ ಮಾಡ್ಕೊತಾ ಕೂರ್ತೀನಿ, ಯಾರಾದ್ರೂ ಕೇಳ್ಬಿಟ್ರೆ ಅಂತ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ನೋವಾಗೋದು ಸರೀನಾ? ಆ ಲಿಸ್ಟ್ ಪೂರ್ತಿ ಓದಿ ಮುಗಿಸಿ ವಾಪಸ್ ಹೋಗ್ಲಾ, ಇಲ್ಲಾ ಇದೆಲ್ಲಾ ಬಿಟ್ಟೇ ಬಿಡ್ಲಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನ ಜಾಸ್ತಿ ಕಾಡಿದ್ದು ಆ ನಗು ಅಲ್ಲ, ಆ ನೋಟ್ಸ್. ಯಾರೋ ಒಂದು ಸಂಜೆ ಆಡಿದ ಮಾತು ನಿಮ್ಮ ಜೊತೆನೇ ಬಂದು, ನೀವೊಬ್ರೇ ಪುಸ್ತಕ ಹಿಡ್ಕೊಂಡು ಕೂತಿರೋ ಹೊತ್ತಲ್ಲೂ ಪಕ್ಕದಲ್ಲಿ ಕೂತಿದೆ, ಡ್ರ್ಯಾಗನ್ ಹಾರ್ತಾ ಇದ್ರೆ ಅದನ್ನ ನೋಡೋದು ಬಿಟ್ಟು ಅದರ ತಾತನ ಹೆಸರು ಬರ್ಕೊಳ್ಳೋ ಹಾಗೆ ಮಾಡಿದೆ. ಗುಂಪಿಗೆ ವಾಪಸ್ ಹೋಗೋದು ಬಿಡೋದು ಎರಡನೇ ಮಾತು, ಅದಕ್ಕೂ ಬರ್ತೀನಿ, ಆದ್ರೆ ಮೊದಲು ನಿಮ್ಮ ಓದು ನಿಮಗೆ ವಾಪಸ್ ಸಿಗ್ಬೇಕು.

ನೋವಿನ ವಿಷಯ ಮೊದಲು. 'ಇಷ್ಟು ಚಿಕ್ಕದಕ್ಕೆ' ಅಂತ ನಿಮ್ಮನ್ನ ನೀವೇ ಬೈಕೋಬೇಡಿ. ಕಿಪ್ಲಿಂಗ್ ವಿಲಿಯಮ್ಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು, ಹೊರಗಿಡೋದು ಮನುಷ್ಯನಿಗೆ ಏನ್ ಮಾಡುತ್ತೆ ಅಂತಾನೇ ವರ್ಷಗಟ್ಟಲೆ ಅಧ್ಯಯನ ಮಾಡಿದೋರು, ಅವರು ಮತ್ತೆ ಅವರ ಜೊತೆಯವರು ಸೈಬರ್‌ಬಾಲ್ ಅಂತ ಒಂದು ಸಣ್ಣ ಆಟ ಮಾಡಿದ್ರು. ಸ್ಕ್ರೀನ್ ಮೇಲೆ ಮೂರು ಆಟಗಾರರು, ಒಬ್ರಿಗೊಬ್ರು ಚೆಂಡು ಎಸೀತಾರೆ, ಅಷ್ಟೇ, ಪಾಯಿಂಟೂ ಇಲ್ಲ ಬಹುಮಾನಾನೂ ಇಲ್ಲ. ಮೊದಲು ಒಂದೆರಡು ಸಲ ನಿಮಗೂ ಚೆಂಡು ಬರುತ್ತೆ, ಆಮೇಲೆ ಉಳಿದಿಬ್ರು ತಮ್ಮತಮ್ಮಲ್ಲೇ ಎಸ್ಕೊಳ್ಳೋಕೆ ಶುರು ಮಾಡ್ತಾರೆ. ನೀವು ನೋಡ್ತಾ ಕೂರ್ಬೇಕು. ಕೆಲವೇ ನಿಮಿಷದ ಆಟ, ಎದುರಿಗಿರೋರ ಮುಖಾನೂ ಗೊತ್ತಿಲ್ಲ, ಆದ್ರೂ ಆಡಿದೋರ ಆತ್ಮವಿಶ್ವಾಸ, ನಾನೂ ಇಲ್ಲಿಯವನೇ ಅನ್ನೋ ಭಾವನೆ ಎಲ್ಲಾ ದಢಾರ್ ಅಂತ ಕೆಳಗೆ ಬೀಳುತ್ತೆ. 2004ರಲ್ಲಿ ಬಂದ ಅಧ್ಯಯನದಲ್ಲಿ ಎದುರಿಗಿರೋದು ಮನುಷ್ಯರೇ ಅಲ್ಲ, ಕಂಪ್ಯೂಟರ್ ಅಂತ ಮೊದಲೇ ಹೇಳಿದ್ರೂ ಅದೇ ಆಯ್ತು. 2007ರಲ್ಲಿ ಇನ್ನೊಂದು, ಚೆಂಡು ಕೊಡದೆ ಇರೋರು ಅಮೆರಿಕದ ವರ್ಣದ್ವೇಷಿ ಗುಂಪಾದ ಕೂ ಕ್ಲಕ್ಸ್ ಕ್ಲಾನ್ ಬೆಂಬಲಿಗರು ಅಂತ ಹೇಳಿ ಆಡಿಸಿದ್ರು, ಅಂದ್ರೆ ಆಡೋರಿಗೆ ಅಸಹ್ಯ ಅನ್ಸೋ ಗುಂಪು, ಆಗ್ಲೂ ನೋವಾಯ್ತು. ನಾವು ದ್ವೇಷಿಸೋರು ಚೆಂಡು ಕೊಡದೆ ಇದ್ರೇನೇ ಹೀಗೆ, ನೀವು ಆಸೆಪಟ್ಟು ಹುಡ್ಕೊಂಡು ಹೋದ ಗುಂಪು, ಇಲ್ಲಾದ್ರೂ ನನ್ನಂಥೋರು ಸಿಗ್ತಾರೆ ಅಂತ ಹೋದ ಜಾಗ ಹಾಗೆ ಮಾಡಿದ್ರೆ ನೋವಾಗದೆ ಇರುತ್ತಾ? ನೀವು ತುಂಬಾ ಸೆನ್ಸಿಟಿವ್ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ.

ಈಗ ಆ ಲಿಸ್ಟ್. ನೀವು ಅಂದ್ಕೊಂಡಿರೋದು ಅದು ಜ್ಞಾನದ ಪರೀಕ್ಷೆ, ಓದಿಬಿಟ್ರೆ ಪಾಸ್ ಆಗ್ತೀನಿ ಅಂತ. ಅಲ್ಲ ಅದು. ಅದು ಯಾರು ಮೇಲೆ ಯಾರು ಕೆಳಗೆ ಅಂತ ಕೂರಿಸೋ ಕೆಲಸ, ಪುಸ್ತಕಗಳ ಹೆಸರು ಅಲ್ಲಿ ಬರೀ ನೆಪ. ಸಾರಾ ಥಾರ್ನ್‌ಟನ್ ಅನ್ನೋ ಸಮಾಜಶಾಸ್ತ್ರಜ್ಞೆ ಬ್ರಿಟನ್ನಿನ ಡ್ಯಾನ್ಸ್ ಕ್ಲಬ್‌ಗಳ ಬಗ್ಗೆ ಅಧ್ಯಯನ ಮಾಡಿ 1995ರಲ್ಲಿ ಇದನ್ನೇ ಹೇಳಿದ್ರು, ಇಂಥ ಗುಂಪುಗಳಲ್ಲಿ ಏನ್ ಗೊತ್ತಿದೆ, ಯಾವಾಗಿಂದ ಗೊತ್ತಿದೆ ಅನ್ನೋದೇ ಒಂದು ಬಂಡವಾಳ ಆಗ್ಬಿಡುತ್ತೆ, ಹೊರಗಿನ ಜನರೆಲ್ಲಾ ಒಳಗೆ ಬಂದ್ಬಿಟ್ರೆ ಅದರ ಬೆಲೆ ಇಳಿಯುತ್ತೆ, ಅದಕ್ಕೇ ಒಳಗಿರೋರಿಗೆ 'ಸುಮ್ನೆ ಟ್ರೆಂಡ್ ನೋಡಿ ಬಂದೋರು' ಅಂತ ಯಾರನ್ನಾದ್ರೂ ತೋರಿಸ್ಲೇಬೇಕಾಗುತ್ತೆ. ಹಾಗಾಗಿ ಲಿಸ್ಟ್ ಯಾವತ್ತೂ ಮುಗಿಯಲ್ಲ. ನೀವು ಆ ಹತ್ತು ಕಾದಂಬರಿ ಓದ್ಕೊಂಡು ಹೋಗ್ತೀರಾ ಅಂತಿಟ್ಕೊಳ್ಳಿ, ಮುಂದಿನ ಪ್ರಶ್ನೆ ಅದೇ ಲೇಖಕರ ಸಣ್ಣಕಥೆಗಳ ಬಗ್ಗೆ ಬರುತ್ತೆ, ಅದೂ ಗೊತ್ತಿದ್ರೆ ಮ್ಯಾಗಜೀನಲ್ಲಿ ಬಂದ ಮೂಲ ರೂಪ ಓದಿದೀರಾ ಅಂತ ಬರುತ್ತೆ, ಅದೂ ಆದ್ರೆ 'ಯಾವ ವಯಸ್ಸಲ್ಲಿ ಓದಿದ್ರಿ?' ಬರುತ್ತೆ. ಆ ಕೊನೇ ಪ್ರಶ್ನೆಗೆ ಯಾರೂ ಓದಿ ತಯಾರಾಗೋಕೆ ಆಗಲ್ಲ.

ಆದ್ರೆ ಕ್ಲಾಸಿಕ್ಸ್ ಓದಿದೀರಾ ಅಂತ ಕೇಳಿದೋರೆಲ್ಲಾ ಬಾಗಿಲು ಕಾಯೋರು ಅಂತಾನೂ ಅಂದ್ಕೋಬೇಡಿ, ಇದನ್ನ ಒತ್ತಿ ಹೇಳ್ಬೇಕು. ನಮ್ಮ ಜನರಲ್ಲಿ ಮಾತು ಶುರು ಮಾಡೋಕೆ ಬೇರೆ ದಾರಿ ಗೊತ್ತಿಲ್ಲದೋರು ತುಂಬಾ ಜನ ಇದಾರೆ, ಪಾಪ, ಇಷ್ಟದ ಪುಸ್ತಕದ ಹೆಸರು ಹೇಳಿ 'ಇದು ಓದಿದೀರಾ' ಅನ್ನೋದೇ ಅವರ ಹಲೋ. ವ್ಯತ್ಯಾಸ ಗೊತ್ತಾಗೋದು ನೀವು 'ಇಲ್ಲ' ಅಂದ ಮರುಕ್ಷಣ. ಇಷ್ಟದಿಂದ ಕೇಳಿದೋರ ಮುಖ ಅರಳುತ್ತೆ, 'ಅಯ್ಯೋ ಇನ್ನೂ ಓದಿಲ್ವಾ, ನಿಮ್ಮ ಪುಣ್ಯ ಕಣ್ರೀ, ಮೊದಲ ಸಲ ಓದೋ ಖುಷಿ ಬಾಕಿ ಇದೆ' ಅಂತ ಶುರು ಮಾಡಿ ಅರ್ಧ ಗಂಟೆ ಬಿಡಲ್ಲ. ಅಳೆಯೋಕೆ ಕೇಳಿದೋರು ಆ 'ಇಲ್ಲ'ದ ಹತ್ರ ನಿಲ್ಲೋದೇ ಇಲ್ಲ, ಮುಂದಿನ ಹೆಸರಿಗೆ ಹೋಗ್ತಾರೆ, ಯಾಕಂದ್ರೆ ಅವರಿಗೆ ಬೇಕಾಗಿದ್ದೇ ಅದು. ನಿಮ್ಮ ಕಥೇಲಿ ಅವರು ಒಂದೊಂದೇ ಹೆಸರು ಹೇಳ್ತಾ ಹೋದ್ರು ಅಂತ ಬರ್ದಿದೀರಾ, ಆ ಪುಸ್ತಕಗಳಲ್ಲಿ ಒಂದರ ಬಗ್ಗೆಯಾದ್ರೂ ಅದು ಯಾಕೆ ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ರೆ ನೀವು ಅದನ್ನೂ ಬರೀತಿದ್ರಿ ಅನ್ಸುತ್ತೆ.

ಇದು ಇವತ್ತು ನಿನ್ನೆಯ ರೋಗ ಅಲ್ಲ, ಮೊದಲನೇ ದಿನದಿಂದಾನೇ ಇದೆ, ಉತ್ಪ್ರೇಕ್ಷೆ ಮಾಡ್ತಿಲ್ಲ. ಜಗತ್ತಿನ ಮೊದಲ ವರ್ಲ್ಡ್‌ಕಾನ್, ಅಂದ್ರೆ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ, ನ್ಯೂಯಾರ್ಕಲ್ಲಿ 1939ರ ಜುಲೈ 2ಕ್ಕೆ ಶುರುವಾಯ್ತು. ಬಂದಿದ್ದು ಸುಮಾರು ಇನ್ನೂರು ಜನ. ಅವತ್ತೇ ಬಾಗಿಲಲ್ಲಿ ಆರು ಜನರನ್ನ ತಡೆದು ವಾಪಸ್ ಕಳ್ಸಿದ್ರು. ಅವರೆಲ್ಲಾ ಫ್ಯೂಚೂರಿಯನ್ಸ್ ಅಂತ ಇನ್ನೊಂದು ಫ್ಯಾನ್ ಗುಂಪಿನ ಹುಡುಗರು, ಇವರಿಗೂ ಸಮ್ಮೇಳನ ನಡೆಸ್ತಿದ್ದ ಸ್ಯಾಮ್ ಮಾಸ್ಕೊವಿಟ್ಸ್ ಮತ್ತೆ ಅವರ ಜೊತೆಗಾರರಿಗೂ ಮೊದಲಿಂದ ಜಟಾಪಟಿ, ಜೊತೆಗೆ ಇವರು ಕಮ್ಯುನಿಸ್ಟ್ ಪ್ರಚಾರ ಮಾಡ್ತಾರೆ, ಗಲಾಟೆ ಎಬ್ಬಿಸ್ತಾರೆ ಅನ್ನೋ ಭಯ, ಅಷ್ಟರಲ್ಲಿ ಸಂಘಟಕರ ವಿರುದ್ಧ ಎಚ್ಚರಿಸೋ ಒಂದು ಕರಪತ್ರ ಸಿಕ್ಕಿ ಭಯ ಇನ್ನೂ ಜಾಸ್ತಿ ಆಯ್ತು. ಆ ಕರಪತ್ರ ಮಾಡಿದ್ದು ಡೇವಿಡ್ ಕೈಲ್ ಅನ್ನೋ ಇನ್ನೊಬ್ಬ ಹುಡುಗ, ಅವನು ಒಳಗಡೆನೇ ಇದ್ದ. ಮುಂದೆ ದೊಡ್ಡ ಸೈ-ಫೈ ಲೇಖಕರಾದ ಐಸಾಕ್ ಅಸಿಮೋವ್ ಕೂಡ ಫ್ಯೂಚೂರಿಯನ್ನೇ, ಅವರನ್ನೂ ಯಾರೂ ತಡೀಲಿಲ್ಲ. ಅಂದ್ರೆ ಬಾಗಿಲು ಕಾಯೋರ ಅಳತೆಗೋಲು ಅವತ್ತೇ ಎಷ್ಟು ಸೊಟ್ಟಗಿತ್ತು ನೋಡಿ.

ಆ ಆರು ಜನರ ಹೆಸರು ನೋಡಿದ್ರೆ ಇನ್ನೂ ಮಜಾ. ಡೊನಾಲ್ಡ್ ವೊಲ್‌ಹೈಮ್, ಮುಂದೆ ದೊಡ್ಡ ಸಂಪಾದಕರಾಗಿ 1971ರಲ್ಲಿ ಡಾ ಬುಕ್ಸ್ ಅಂತ ಬರೀ ಸೈ-ಫೈ ಫ್ಯಾಂಟಸಿಗೇ ಮೀಸಲಾದ ಪ್ರಕಾಶನ ಕಟ್ಟಿದ್ರು. ಫ್ರೆಡೆರಿಕ್ ಪೋಲ್, ಮುಂದೆ ಗ್ಯಾಲಕ್ಸಿ ಮತ್ತೆ ಇಫ್ ಪತ್ರಿಕೆಗಳ ಸಂಪಾದಕ, ಈ ಸಾಹಿತ್ಯದ ದೊಡ್ಡ ಪ್ರಶಸ್ತಿ ಹ್ಯೂಗೋನ ಸಂಪಾದಕರಾಗೂ ಗೆದ್ರು ಲೇಖಕರಾಗೂ ಗೆದ್ರು. ಸಿರಿಲ್ ಕಾರ್ನ್‌ಬ್ಲೂತ್, ಪೋಲ್ ಜೊತೆ ಸೇರಿ ಬರೆದ ಕಾದಂಬರಿಗಳನ್ನ ಇವತ್ತಿಗೂ ಕ್ಲಾಸಿಕ್ಸ್ ಲಿಸ್ಟಲ್ಲಿ ಹಾಕ್ತಾರೆ. ರಾಬರ್ಟ್ ಲೌಂಡ್ಸ್, ಅವರೂ ಸಂಪಾದಕರೇ ಆದ್ರು. ಜಾನ್ ಮಿಷೆಲ್, ಜ್ಯಾಕ್ ಗಿಲೆಸ್ಪಿ ಉಳಿದಿಬ್ರು. ನಿಮ್ಮ ಕೈಗೆ ಕೊಟ್ಟ ಆ ಲಿಸ್ಟಲ್ಲಿ ಬಾಗಿಲಾಚೆ ನಿಲ್ಲಿಸಿದ್ದ ಹುಡುಗರ ಪುಸ್ತಕಾನೂ ಒಂದೆರಡು ಇದ್ರೆ ಆಶ್ಚರ್ಯ ಇಲ್ಲ.

ಇದನ್ನ ಒಳ್ಳೇವ್ರು ಕೆಟ್ಟೋರು ಅಂತ ಎರಡು ಭಾಗ ಮಾಡೋಕೆ ಹೋಗ್ಬೇಡಿ. ಮಾಸ್ಕೊವಿಟ್ಸ್ ಅವರಿಗೂ ಈ ಸಾಹಿತ್ಯದ ಮೇಲೆ ಪ್ರಾಣ, ಫ್ಯಾಂಡಮ್ಮಿನ, ಅಂದ್ರೆ ಫ್ಯಾನ್ ಲೋಕದ, ಮೊದಲ ದೊಡ್ಡ ಇತಿಹಾಸ ಬರೆದಿದ್ದೇ ಅವರು. ಹೊರಗೆ ನಿಂತ ಪೋಲ್ ಕೂಡ ಆಮೇಲೆ ಆತ್ಮಕಥೇಲಿ, ನಾವು ಉಳಿದೋರಿಗಿಂತ ಮೇಲು ಅಂತ ಎಲ್ಲರ ಮುಂದೇನೂ ತೋರಿಸ್ಕೊತಿದ್ವಿ, ಅದು ಅವರಿಗೆ ಸಿಟ್ಟು ತರಿಸ್ತು ಅಂತ ಒಪ್ಕೊಂಡಿದಾರೆ. ಇಬ್ರಿಗೂ ಒಂದೇ ಪ್ರೀತಿ, ಇಬ್ರಿಗೂ ಅದು ನಮ್ಮದೇ ಜಹಗೀರು ಅನ್ನೋ ಭ್ರಮೆ. ಅದು ಯಾರಪ್ಪನ ಸ್ವತ್ತೂ ಆಗಿರ್ಲಿಲ್ಲ.

'ಶೋ ಫ್ಯಾನ್' ಅನ್ನೋ ಮಾತು ಇದೆಯಲ್ಲ, ಅದಕ್ಕೂ ಐವತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. 1966ರಲ್ಲಿ ಸ್ಟಾರ್ ಟ್ರೆಕ್ ಟೀವಿಗೆ ಬಂತು, ಅದನ್ನ ನೋಡಿ ಹೊಸ ಜನ ದಂಡಿಯಾಗಿ ಬಂದ್ರು, ಅವರಲ್ಲಿ ಹೆಂಗಸರು ತುಂಬಾ. ಪುಸ್ತಕ ಓದ್ಕೊಂಡು ಬೆಳೆದ ಹಳೇ ಫ್ಯಾನ್‌ಗಳಲ್ಲಿ ಎಷ್ಟೋ ಜನ ಇವರನ್ನ ಕೆಳಗಿಟ್ಟೇ ನೋಡಿದ್ರು, ಟೀವಿ ನೋಡ್ಕೊಂಡು ಬಂದೋರು, ಓದಲ್ಲ, ಆ ಶೋನ ಪಾತ್ರ ಸ್ಪಾಕ್‌ನ ಕಿವಿ ನೋಡೋಕೆ ಬಂದಿದಾರೆ ಅಂತ. ಆ 'ಓದದೋರು' ಏನ್ ಮಾಡಿದ್ರು ಗೊತ್ತಾ? 1967ರಲ್ಲೇ ಸ್ಪಾಕನೇಲಿಯಾ ಅಂತ ತಾವೇ ಒಂದು ಫ್ಯಾನ್ ಪತ್ರಿಕೆ, ಅಂದ್ರೆ ಫ್ಯಾನ್‌ಝೀನ್ ತಂದ್ರು, ತಾವೇ ಬರೆದು, ಸ್ಟೆನ್ಸಿಲ್ ಕೊರೆದು, ಅಚ್ಚು ಹಾಕಿ, ಅಂಚೇಲಿ ಕಳ್ಸಿ. ಶೋ ನಿಲ್ಲಿಸ್ತಾರೆ ಅಂತ ಸುದ್ದಿ ಬಂದಾಗ ಬಿಜೋ ಟ್ರಿಂಬಲ್ ಮತ್ತೆ ಅವರ ಗಂಡ ಜಾನ್ ಮುಂದೆ ನಿಂತು ಪತ್ರ ಚಳವಳಿ ಮಾಡಿದ್ರು, ಚಾನೆಲ್ ಮೂರನೇ ಸೀಸನ್ ಕೊಡ್ತು. 1972ರಲ್ಲಿ ನ್ಯೂಯಾರ್ಕಲ್ಲಿ ಸ್ಟಾರ್ ಟ್ರೆಕ್‌ಗೇ ಅಂತ ಸಮ್ಮೇಳನ ಇಟ್ರೆ ಸಂಘಟಕರು ಕೆಲವು ನೂರು ಜನ ಬರ್ತಾರೆ ಅಂದ್ಕೊಂಡಿದ್ರು, ಬಂದಿದ್ದು ಸಾವಿರಗಟ್ಟಲೆ. ಇಷ್ಟದ ಶೋ, ಪುಸ್ತಕದ ಪಾತ್ರಗಳನ್ನ ಇಟ್ಕೊಂಡು ತಾವೇ ಕಥೆ ಬರ್ಕೊಳ್ಳೋ ಈ ಸಂಪ್ರದಾಯ, ಫ್ಯಾನ್ ಫಿಕ್ಷನ್ ಅಂತ ಇವತ್ತು ನಾವು ಅನ್ನೋದು, ಆ ಝೀನ್‌ಗಳಲ್ಲೇ ಬೇರು ಬಿಟ್ಟು ಬೆಳೀತು. 2019ರ ವರ್ಲ್ಡ್‌ಕಾನಲ್ಲಿ ಫ್ಯಾನ್ ಫಿಕ್ಷನ್ ಭಂಡಾರ ಆದ 'ಆರ್ಕೈವ್ ಆಫ್ ಅವರ್ ಓನ್'ಗೆ ಹ್ಯೂಗೋ ಸಿಕ್ತು. ಪ್ರಶಸ್ತಿ ತಗೊಳ್ಳೋಕೆ ವೇದಿಕೆಗೆ ಹೋದ ನವೋಮಿ ನೋವಿಕ್, ಅವರು ಆ ಸಂಸ್ಥೆ ಕಟ್ಟಿದೋರಲ್ಲಿ ಒಬ್ರು, ತಾವೂ ದೊಡ್ಡ ಫ್ಯಾಂಟಸಿ ಲೇಖಕಿ, ಸಭಾಂಗಣದ ಲೈಟ್ ಹಾಕಿಸಿ, ಇದರ ಭಾಗ ಅಂತ ಅನ್ಸೋರೆಲ್ಲಾ ಎದ್ದು ನಿಲ್ಲಿ ಅಂದ್ರು. ಎಲ್ಲಾ ಕಡೆಯಿಂದ ಜನ ಎದ್ದು ನಿಂತ್ರು. ನೀವು ಬಂದ ಬಾಗಿಲು ಅದೇ, ಅಲ್ಲಿಂದ ಬಂದೋರು ಈ ಲೋಕಕ್ಕೆ ಕೊಟ್ಟಿರೋದು ಸಣ್ಣದಲ್ಲ.

ಹಳಬರಿಗೆ ನಿಜವಾದದ್ದು ಯಾವುದು ಅಂತ ಕಣ್ಣಲ್ಲೇ ಗೊತ್ತಾಗುತ್ತೆ ಅಂತಾರಲ್ಲ, ಅದಕ್ಕೂ ಒಂದು ಉದಾಹರಣೆ ಹೇಳ್ತೀನಿ. ಜೇಮ್ಸ್ ಟಿಪ್ಟ್ರೀ ಜೂನಿಯರ್ ಅನ್ನೋ ಹೆಸರಲ್ಲಿ 1968ರಿಂದ ಅದ್ಭುತ ಕಥೆಗಳು ಬರೋಕೆ ಶುರುವಾದ್ವು, ಲೇಖಕರನ್ನ ಯಾರೂ ನೋಡಿರ್ಲಿಲ್ಲ, ಎಲ್ಲಾ ಅಂಚೆ ಮೂಲಕ. ಇದು ಹೆಂಗಸು ಇರಬಹುದಾ ಅಂತ ಗುಸುಗುಸು ಬಂದಾಗ ರಾಬರ್ಟ್ ಸಿಲ್ವರ್‌ಬರ್ಗ್, ಸುಮ್ನೆ ಯಾರೋ ಅಲ್ಲ, ಈ ಸಾಹಿತ್ಯ ಅರೆದು ಕುಡಿದೋರು, 1975ರಲ್ಲಿ ಒಂದು ಕಥಾಸಂಕಲನದ ಮುನ್ನುಡೀಲಿ ಅದು ಅಸಂಬದ್ಧ, ಈ ಬರವಣಿಗೇಲಿ ಗಂಡಸುತನ ಎದ್ದು ಕಾಣುತ್ತೆ ಅನ್ನೋ ಅರ್ಥದಲ್ಲಿ ಬರೆದ್ರು. ಎರಡು ವರ್ಷದೊಳಗೆ ಗೊತ್ತಾಯ್ತು, ಟಿಪ್ಟ್ರೀ ಅಂದ್ರೆ ಆಲಿಸ್ ಶೆಲ್ಡನ್, ಅರವತ್ತು ದಾಟಿದ ಹೆಂಗಸು, ಸೈನ್ಯದಲ್ಲಿ ಇದ್ದೋರು, ಸಿಐಎನಲ್ಲಿ ಕೆಲಸ ಮಾಡಿದೋರು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದೋರು. ಸಿಲ್ವರ್‌ಬರ್ಗ್ ದೊಡ್ಡ ಮನಸ್ಸಿಂದ ತಪ್ಪು ಒಪ್ಕೊಂಡ್ರು, ಅದಕ್ಕೆ ಅವರ ಮೇಲೆ ಗೌರವ ಇದೆ. ಆದ್ರೆ ಅಷ್ಟು ಓದಿದ ಕಣ್ಣಿಗೇ ಬರಹ ನೋಡಿ ಬರೆದೋರು ಯಾರು ಅಂತ ಗೊತ್ತಾಗ್ಲಿಲ್ಲ ಅಂದ್ರೆ, ಒಂದು ಸಂಜೆ ನಾಲ್ಕು ಪ್ರಶ್ನೆ ಕೇಳಿ ನಿಮ್ಮೊಳಗಿನ ಪ್ರೀತಿ ನಿಜಾನೋ ಸುಳ್ಳೋ ಅಂತ ತೀರ್ಮಾನ ಮಾಡೋಕೆ ಯಾರಿಗೆ ಸಾಧ್ಯ? ಕಪ್ಪು ಲೇಖಕರಿಗೆ ಈ ಬಾಗಿಲು ಇನ್ನೂ ಭಾರ ಇತ್ತು. ಸ್ಯಾಮ್ಯುಯೆಲ್ ಡಿಲೇನಿ ಬರೆದಿರೋ ಪ್ರಕಾರ 1967ರಲ್ಲಿ ಅವರ ಕಾದಂಬರೀನ ಧಾರಾವಾಹಿಯಾಗಿ ಹಾಕೋಕೆ ಅನಲಾಗ್ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಒಪ್ಪಲಿಲ್ಲ, ಕಾದಂಬರಿ ಇಷ್ಟ ಆಯ್ತು, ಆದ್ರೆ ಕಪ್ಪು ನಾಯಕನನ್ನ ಓದುಗರು ಒಪ್ಪಲ್ಲ ಅಂತ. ಇಂಥ ಹೊತ್ತಲ್ಲಿ ಬಾಗಿಲು ಕಾಯೋರು ಯಾವಾಗ್ಲೂ ಬೇರೆ ಯಾರದೋ ಹೆಸರು ಹೇಳ್ತಾರೆ, ನನಗೇನೂ ತೊಂದ್ರೆ ಇಲ್ಲಪ್ಪ, ಓದುಗರಿಗೆ, ಫ್ಯಾನ್‌ಗಳಿಗೆ ಅಂತ.

ಇಷ್ಟೆಲ್ಲಾ ಹೇಳಿದ ಮೇಲೆ, ನಿಮ್ಮನ್ನ ಪ್ರಶ್ನೆ ಕೇಳಿದ ಆ ಹಿರಿಯರ ಬಗ್ಗೆಯೂ ಒಂದು ಮಾತು. ಅವರ ತಲೆಮಾರಿನ ಎಷ್ಟೋ ಜನರಿಗೆ ಈ ಪುಸ್ತಕ ಓದೋದು ಅವಮಾನದ ವಿಷಯ ಆಗಿತ್ತು, ಇನ್ನೂ ಮಕ್ಕಳ ಕಥೆ ಓದ್ತೀಯಾ, ರಾಕೆಟ್ಟು ರಾಕ್ಷಸ ಅಂತ ಕೂತಿದೀಯಾ ಅಂತ ಬೈಸ್ಕೊಂಡು, ಗೇಲಿ ಮಾಡಿಸ್ಕೊಂಡು, ಒಬ್ರೇ ಓದಿ, ಕೊನೆಗೆ ತಮ್ಮಂಥೋರು ನಾಲ್ಕು ಜನ ಸಿಕ್ಕಾಗ ಅದನ್ನೇ ಗಟ್ಟಿಯಾಗಿ ತಬ್ಕೊಂಡೋರು. ಈಗ ಎಲ್ಲರೂ ನೋಡ್ತಾರೆ, ಎಲ್ಲರೂ ಮಾತಾಡ್ತಾರೆ, ಇಷ್ಟು ವರ್ಷ ನೋವಿನ ಬೆಲೆ ಕೊಟ್ಟು ಕಾಪಾಡ್ಕೊಂಡಿದ್ದು ಪುಕ್ಕಟೆಯಾಗಿ ಹಂಚ್ತಿದಾರೆ ಅಂತ ಅವರಿಗೆ ಒಳಗೊಳಗೇ ಅನ್ಸುತ್ತೆ. 2013ರಿಂದ 2015ರ ತನಕ ಹ್ಯೂಗೋ ಪ್ರಶಸ್ತಿ ಸುತ್ತ ಸ್ಯಾಡ್ ಪಪ್ಪೀಸ್ ಅನ್ನೋ ಲೇಖಕರು, ಫ್ಯಾನ್ ಜನರ ಒಂದು ಗುಂಪಿಂದ ದೊಡ್ಡ ಗದ್ದಲ ಆಯ್ತು, ಅಲ್ಲೂ ಇದೇ. ವರ್ಲ್ಡ್‌ಕಾನ್ ಸದಸ್ಯತ್ವ ತಗೊಂಡ ಯಾರು ಬೇಕಾದ್ರೂ ಹ್ಯೂಗೋಗೆ ನಾಮಿನೇಟ್ ಮಾಡಬಹುದು, ಅದನ್ನ ಹಿಡ್ಕೊಂಡು, 2015ರಲ್ಲಿ ಇವರು ಮತ್ತೆ ಇವರಿಗಿಂತ ಉಗ್ರವಾದ ರ್‍ಯಾಬಿಡ್ ಪಪ್ಪೀಸ್ ಅನ್ನೋರು ಒಟ್ಟಾಗಿ ಲಿಸ್ಟ್ ಮಾಡಿ ವೋಟ್ ಹಾಕಿ ಎಷ್ಟೋ ವಿಭಾಗಗಳನ್ನ ತುಂಬಿಸ್ಬಿಟ್ರು, ಉಳಿದ ಸದಸ್ಯರು ಐದು ವಿಭಾಗದಲ್ಲಿ 'ಯಾರಿಗೂ ಬೇಡ' ಅಂತ ವೋಟ್ ಹಾಕಿ ಉತ್ತರ ಕೊಟ್ರು. ಆ ಚಳವಳಿಯೋರ ಮಾತು ಕೇಳಿದ್ರೆ ಅವರ ಪ್ರಕಾರ ಹೊರಗಿಟ್ಟಿದ್ದು ಅವರನ್ನ! ತಮ್ಮ ಇಷ್ಟದ ಸಾಹಸ ಕಥೆಗಳಿಗೆ ಬೆಲೆ ಇಲ್ಲ, ತಮ್ಮನ್ನ ಮೂಲೆಗುಂಪು ಮಾಡಿದಾರೆ ಅಂತ. ಅದಾದ ಮೇಲೆ 2016, 2017, 2018 ಮೂರೂ ವರ್ಷ ಕಾದಂಬರಿ ವಿಭಾಗದ ಹ್ಯೂಗೋ ಎನ್. ಕೆ. ಜೆಮಿಸಿನ್ ಅನ್ನೋ ಕಪ್ಪು ಲೇಖಕಿಗೆ ಹೋಯ್ತು, ಸತತ ಮೂರು ಸಲ, ಅವರಿಗಿಂತ ಮುಂಚೆ ಯಾರಿಗೂ ಹಾಗೆ ಆಗಿರ್ಲಿಲ್ಲ. ಬಾಗಿಲಲ್ಲಿ ನಿಂತೋರಿಗೂ ತಾವೇ ಹೊರಗಿದೀವಿ ಅನ್ಸುತ್ತೆ ಅನ್ನೋದನ್ನ ಅರ್ಥ ಮಾಡ್ಕೊಳ್ಳಿ, ಅದರಿಂದ ನಿಮ್ಮ ಸಿಟ್ಟು ಸ್ವಲ್ಪ ತಣ್ಣಗಾಗಬಹುದು. ಹಾಗಂತ ಅವರ ಹಳೇ ಗಾಯಕ್ಕೆ ನೀವು ದಂಡ ಕಟ್ಬೇಕಾಗಿಲ್ಲ, ಅವತ್ತು ಅವರನ್ನ ಗೇಲಿ ಮಾಡಿದೋರು ನೀವಲ್ಲ.

ಇನ್ನೊಂದು, ಎಲ್ಲಾ ಬಾಗಿಲೂ ತಪ್ಪಲ್ಲ. ಬರೀ 1950ರ ದಶಕದ ಕಥೆ ಓದೋ ಗುಂಪು ಅಂತ ಮೊದಲೇ ಹೇಳಿದ್ರೆ ಅದು ಅವರ ಇಷ್ಟ. ಜನರಿಗೆ ಕಿರುಕುಳ ಕೊಡೋರನ್ನ ಹೊರಗೆ ಹಾಕೋ ನಿಯಮ ಇರಲೇಬೇಕು, ಅದಿಲ್ಲದ ಗುಂಪಿಗೆ ಹೋಗ್ಲೇಬೇಡಿ. ಹಾಗೇ ನೀವು ಒಂದು ಐಡಿಯಾ ಎಷ್ಟು ಹೊಸದು ಅಂತ ಹೊಗಳಿದಾಗ ಯಾರಾದ್ರೂ 'ಇದನ್ನ ಅರವತ್ತು ವರ್ಷದ ಹಿಂದೆ ಒಬ್ರು ಮಾಡಿದಾರೆ' ಅಂದ್ರೆ ಅದು ನಿಮ್ಮನ್ನ ತಳ್ಳಿದ್ದಲ್ಲ, ಹೆಸರು ಕೇಳಿ ಬರ್ಕೊಳ್ಳಿ, ಅಂಥ ನೋಟ್ಸ್ ಬೇಕಾದಷ್ಟು ಮಾಡ್ಕೊಳ್ಳಿ.

ಈಗ ನಿಮ್ಮ ಓದು. ಹಳೇ ಪುಸ್ತಕ ಹಿಡಿದಾಗ ಕಷ್ಟ ಆಗ್ತಿದೆ, ಅರ್ಥ ಆಗ್ತಿಲ್ಲ ಅಂತ ನೀವು ಬರ್ದಿಲ್ಲ, ಆದ್ರೆ ನೋಟ್ಸ್ ಮಾಡೋ ಹಂತಕ್ಕೆ ಬಂದಿದೀರಾ ಅಂದ್ರೆ ಅಲ್ಲೆಲ್ಲೋ ಆ ಅಳುಕಿದೆ ಅನ್ಸುತ್ತೆ. ಡಿಲೇನಿ ಅವರೇ ಒಂದು ಮಾತು ಹೇಳ್ತಾರೆ, ಸೈ-ಫೈ ಓದೋದೇ ಬೇರೆ ಥರದ ಓದು ಅಂತ. 'ಅವಳ ಲೋಕ ಸಿಡಿದು ಚೂರಾಯ್ತು' ಅನ್ನೋ ವಾಕ್ಯ ತಗೊಳ್ಳಿ. ಸಾಮಾನ್ಯ ಕಾದಂಬರೀಲಿ ಇದು ಬಂದ್ರೆ ಅವಳಿಗೆ ಏನೋ ದೊಡ್ಡ ಆಘಾತ ಆಗಿದೆ ಅಂತ ಅರ್ಥ, ಅಷ್ಟೇ. ಸೈ-ಫೈನಲ್ಲಿ ಅದೇ ವಾಕ್ಯ ಬಂದ್ರೆ ಓದುಗ ಒಂದು ಕ್ಷಣ ನಿಲ್ಬೇಕು, ನಿಜವಾಗ್ಲೂ ಅವಳ ಗ್ರಹಾನೇ ಸಿಡಿದಿರಬಹುದು. ಅಂದ್ರೆ ಎರಡೂ ಅರ್ಥ ಕೈಯಲ್ಲಿ ಹಿಡ್ಕೊಂಡು, ಯಾವುದು ಅಂತ ಗೊತ್ತಾಗೋ ತನಕ ಮುಂದೆ ಓದ್ತಾ ಹೋಗ್ಬೇಕು. ಲೇಖಕರು ಎಲ್ಲಾ ವಿವರಿಸಿ ಹೇಳಲ್ಲ, ಒಂದು ಪದ ಇಲ್ಲಿ, ಒಂದು ವಸ್ತು ಅಲ್ಲಿ, ಯಾರೋ ಆಡಿದ ಅರ್ಧ ಮಾತು, ಇವನ್ನ ಜೋಡಿಸ್ಕೊಂಡು ಆ ಲೋಕದಲ್ಲಿ ಯಾರು ರಾಜ, ಯಾರಿಗೆ ಹಸಿವು, ಯಾವ ಯುದ್ಧ ಮುಗಿದಿದೆ ಅಂತ ನಾವೇ ಕಟ್ಕೋಬೇಕು. ಇದು ಹುಟ್ಟಿಂದ ಬರೋದಲ್ಲ, ಓದ್ತಾ ಓದ್ತಾ ಬರೋ ಅಭ್ಯಾಸ.

ಇದನ್ನ ಯಾಕೆ ಇಷ್ಟು ಉದ್ದ ಹೇಳ್ತಿದೀನಿ ಅಂದ್ರೆ, ನೀವು ಗೇಮ್ಸ್ ಆಡ್ಕೊಂಡು ಬಂದೋರು. ಒಂದು ಫ್ಯಾಂಟಸಿ ಗೇಮಲ್ಲಿ ಪಾಳುಬಿದ್ದ ಕೋಟೆಗೆ ಹೋಗ್ತೀರಾ, ಮೂಲೇಲಿ ಒಂದು ತುಕ್ಕು ಹಿಡಿದ ಕತ್ತಿ ಸಿಗುತ್ತೆ, ಅದರ ಮೇಲೆ ಕ್ಲಿಕ್ ಮಾಡಿದ್ರೆ ಎರಡೇ ಎರಡು ಸಾಲು, ಇದು ಯಾವುದೋ ರಾಣಿಯ ಕಾವಲುಗಾರನದ್ದು, ಅವನು ಬಾಗಿಲು ತೆಗೆದ ಅಂತ. ಯಾಕೆ ತೆಗೆದ ಅಂತ ಇಲ್ಲ. ಐದು ಗಂಟೆ ಆಡಿದ ಮೇಲೆ ಇನ್ನೆಲ್ಲೋ ಒಂದು ಸಮಾಧಿ, ಅದರ ಮೇಲೆ ಒಂದು ಮಗುವಿನ ಹೆಸರು, ಅಲ್ಲಿ ನಿಮಗೆ ತಟ್ಟಂತ ಹೊಳೆಯುತ್ತೆ, ಮೈ ಜುಮ್ ಅನ್ನುತ್ತೆ. ಡಿಲೇನಿ ಹೇಳೋ ಆ ಓದು ಇದೇ ಅಲ್ವಾ? ಯಾರೂ ಹೇಳಿಕೊಡದೆ, ಚೂರುಗಳಿಂದ ಒಂದು ಲೋಕ ಕಟ್ಟೋದು ನಿಮಗೆ ಆಗಲೇ ಬರುತ್ತೆ. ನೀವು ಹೊಸಬರು ನಿಜ, ಆದ್ರೆ ಬರಿಗೈಲಿ ಬಂದಿಲ್ಲ. ಆ ಗುಂಪಲ್ಲಿ ನಿಮಗಿಂತ ಐವತ್ತು ಕಾದಂಬರಿ ಜಾಸ್ತಿ ಓದಿರೋರಿಗೆ ಇದು ಗೊತ್ತಿಲ್ಲದೆ ಇರಬಹುದು, ನೀವು ಬಾಯಿ ಬಿಟ್ಟಿದ್ರೆ ಅವರು ಕಲೀತಿದ್ರು.

ಹಾಗಾದ್ರೆ ಕ್ಲಾಸಿಕ್ಸ್ ಓದ್ಲೇಬಾರ್ದಾ? ಓದಿ, ಕುತೂಹಲ ಬಂದಾಗ ಓದಿ. ನಿಮಗೆ ಇಷ್ಟ ಆದ ಹೊಸ ಪುಸ್ತಕದ ಲೇಖಕರು ಯಾರನ್ನ ಓದಿ ಬೆಳೆದ್ರು ಅಂತ ಹುಡುಕಿ, ಅಲ್ಲಿಂದ ಹಿಂದಕ್ಕೆ ಹೋಗಿ, ಆಗ ಹಳೇದು ಪಾಠ ಅನ್ಸಲ್ಲ, ನಂಟಿನ ಊರಿಗೆ ಹೋದಂಗೆ ಇರುತ್ತೆ. 1818ರಲ್ಲಿ ಬಂದ ಫ್ರಾಂಕೆನ್‌ಸ್ಟೈನ್‌ನಿಂದ ಶುರು ಮಾಡೋರೂ ಇದಾರೆ, ಮೇರಿ ಶೆಲ್ಲಿ ಅದನ್ನ ಬರೆಯೋಕೆ ಶುರು ಮಾಡಿದಾಗ ಅವರಿಗೆ ಹದಿನೆಂಟು ವರ್ಷ, ಮೊದಲ ಮುದ್ರಣದಲ್ಲಿ ಅವರ ಹೆಸರೂ ಇರ್ಲಿಲ್ಲ. ಕೆಲವು ಹಳೇ ಪುಸ್ತಕ ನಿಮಗೆ ಬೋರ್ ಆಗುತ್ತೆ, ಕೆಲವದ್ರಲ್ಲಿ ಹೆಂಗಸರನ್ನ ಕಾಣಿಸಿರೋ ರೀತಿ ನೋಡಿ ಸಿಟ್ಟು ಬರುತ್ತೆ, ಮುಚ್ಚಿಡಿ, ಪಾಪ ಬರಲ್ಲ. ಎಲ್ಲಾ ಓದಿ ಮುಗಿಸಿದೋರು ಯಾರೂ ಇಲ್ಲ ಇಲ್ಲಿ. ಒಂದು ವರ್ಷದಲ್ಲಿ ಬರೋ ಹೊಸ ಪುಸ್ತಕಗಳನ್ನೇ ಒಬ್ರು ಒಂದು ವರ್ಷದಲ್ಲಿ ಓದೋಕಾಗಲ್ಲ, ನಿಮ್ಮನ್ನ ಕೇಳಿದೋರೂ ಎಷ್ಟೋ ಬಿಟ್ಟಿರ್ತಾರೆ. ಆದ್ರೆ ಓದದೇ ಇರೋದನ್ನ ಓದಿದೀನಿ ಅಂತ ಮಾತ್ರ ಹೇಳ್ಬೇಡಿ, ಅವತ್ತು ನೀವು 'ಓದಿಲ್ಲ' ಅಂತ ನೇರವಾಗಿ ಹೇಳಿದ್ರಲ್ಲ, ಅದು ನನಗೆ ತುಂಬಾ ಇಷ್ಟ ಆಯ್ತು. ಒಂದ್ಸಲ ಸುಳ್ಳು ಹೇಳಿದ್ರೆ ಆಮೇಲೆ ಪ್ರತಿ ಸಲಾನೂ ಭಯದಲ್ಲೇ ಕೂರ್ಬೇಕಾಗುತ್ತೆ.

ಸದ್ಯಕ್ಕೆ ಹೀಗೆ ಮಾಡಿ. ನೋಟ್ಸ್ ಪುಸ್ತಕ ಎತ್ತಿಡಿ. ಲಿಸ್ಟಲ್ಲಿ ಇಲ್ಲದ, ನಿಮಗೆ ಮುಖಪುಟ ನೋಡಿಯೇ ಆಸೆ ಆದ ಒಂದು ಪುಸ್ತಕ ತಗೊಂಡು, ಅದನ್ನ ಓದ್ತಿದೀನಿ ಅಂತ ಯಾರಿಗೂ ಹೇಳ್ದೆ ಓದಿ. ಹೆಸರು ಮರೆತುಹೋದ್ರೆ ಮರೆತುಹೋಗ್ಲಿ. ಮೊದಮೊದಲು ಕೈ ಪೆನ್ನಿನ ಕಡೆ ಹೋಗುತ್ತೆ, ಕೆಲವು ದಿನ ಬೇಕಾಗುತ್ತೆ ಅದು ಬಿಡೋಕೆ. ಆ ಓದು ಮತ್ತೆ ನಿಮ್ಮದು ಅಂತ ಅನ್ಸಿದ ಮೇಲೆ ಗುಂಪಿನ ಯೋಚನೆ ಮಾಡಿ.

ಗುಂಪಿಗೆ ವಾಪಸ್ ಹೋಗೋ ಮುಂಚೆ ಅವತ್ತಿನ ಸಂಜೆ ಒಂದ್ಸಲ ನೆನಪಿಸ್ಕೊಳ್ಳಿ. ಎಲ್ಲರೂ ನಕ್ಕರಾ? ಸಾಮಾನ್ಯವಾಗಿ ಹಾಗಾಗಲ್ಲ. ಒಬ್ರಿಬ್ರು ಜೋರಾಗಿ ನಗ್ತಾರೆ, ಕೆಲವರು ಮುಜುಗರಕ್ಕೆ ಹಲ್ಲು ಬಿಡ್ತಾರೆ, ಒಬ್ರಾದ್ರೂ ನೆಲ ನೋಡ್ತಾ ಕೂತಿರ್ತಾರೆ. ಆ ಒಬ್ರು ಯಾರು ಅಂತ ನೆನಪಿದ್ರೆ ಅವರಿಗೊಂದು ಮೆಸೇಜ್ ಹಾಕಿ, ಅವತ್ತಿನ ವಿಷಯ ಎತ್ತದೆ, ನಾನು ಇಂಥದ್ದು ಓದ್ತಿದೀನಿ, ನೀವು ಏನ್ ಓದ್ತಿದೀರಾ ಅಂತ ಅಷ್ಟೇ. ಇಂಥ ಗುಂಪುಗಳಲ್ಲಿ ಬಾಯಿ ಮುಚ್ಕೊಂಡು ಕೂತಿರೋರು ನೀವೊಬ್ರೇ ಅಲ್ಲ, ಇದನ್ನ ನಾನು ತುಂಬಾ ನೋಡಿದೀನಿ, ಜೋರಾಗಿ ಮಾತಾಡೋ ಇಬ್ಬರ ಸುತ್ತ ಹತ್ತು ಜನ ಸುಮ್ನೆ ಕೂತಿರ್ತಾರೆ, ಪ್ರತಿಯೊಬ್ರೂ ಉಳಿದ ಒಂಬತ್ತು ಜನಕ್ಕೆ ಎಲ್ಲಾ ಗೊತ್ತಿದೆ ಅಂದ್ಕೊಂಡು.

ಮತ್ತೆ ಪ್ರಶ್ನೆ ಬಂದ್ರೆ, ಬರುತ್ತೆ, ಆಗ ಉತ್ತರ ಕೊಡೋ ಜಾಗದಿಂದ ಎದ್ದು ಬನ್ನಿ. 'ಇಲ್ಲ, ಓದಿಲ್ಲ. ಅದರಲ್ಲಿ ನಿಮಗೆ ತುಂಬಾ ಇಷ್ಟ ಆಗಿದ್ದು ಏನು?' ಅಂತ ಕೇಳಿ, ಚುಚ್ಚೋಕಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ. ಆ ಹಿರಿಯರೇ ಆ ಪುಸ್ತಕದ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ಬೇರೆಯೇ ಮನುಷ್ಯ ಕಾಣಬಹುದು, ಎಷ್ಟೋ ಸಲ ಹಾಗಾಗುತ್ತೆ, ಹದಿನಾಲ್ಕು ವರ್ಷದಲ್ಲಿ ಅದನ್ನ ಮೊದಲ ಸಲ ಓದಿದ ಹುಡುಗ ಹೊರಗೆ ಬರ್ತಾನೆ. ಹಾಗಾಗದೆ 'ಅದು ಓದಿದೋರಿಗೆ ಮಾತ್ರ ಗೊತ್ತಾಗುತ್ತೆ' ಅಂತ ಅಂದ್ರೆ, 'ಸರಿ ಬಿಡಿ, ಇವತ್ತಿನ ಪುಸ್ತಕಕ್ಕೆ ಬರೋಣ' ಅಂತ ಉಳಿದವರ ಕಡೆ ತಿರುಗಿ. ವಾದಕ್ಕೆ ಇಳೀಬೇಡಿ, ನೀವು ಫ್ಯಾನ್ ಹೌದು ಅಂತ ಸಾಬೀತು ಮಾಡೋಕೂ ಹೋಗ್ಬೇಡಿ, ಸಾಬೀತು ಮಾಡೋಕೆ ಹೊರಟ ಕ್ಷಣ ತೀರ್ಪು ಕೊಡೋ ಅಧಿಕಾರ ಅವರಿಗೆ ಕೊಟ್ಟಂಗೆ.

ಒಂದೆರಡು ಸಲ ಹೋಗಿ ನೋಡಿ. ಅದೇ ನಗು, ಅದೇ ಅಳತೆ ಅಂತಾದ್ರೆ ಬಿಟ್ಬಿಡಿ, ಆ ಗುಂಪನ್ನ ಬಿಡಿ, ಇದನ್ನೆಲ್ಲಾ ಬಿಡ್ಬೇಡಿ. ಹೋಗ್ತಿದೀನಿ ಅಂತ ಉದ್ದ ಪತ್ರ ಬರೆಯೋದೂ ಬೇಡ. ಎರಡು ಜನ ಇದ್ರೂ ಗುಂಪು ಶುರು ಮಾಡಬಹುದು, ಫ್ಯೂಚೂರಿಯನ್ಸ್ ಅಂತ ಹೆಸರಿದ್ರೂ ಅವರೂ ಬೆರಳೆಣಿಕೆ ಜನಾನೇ, ಕೈಲಿ ಕಾಸಿಲ್ಲದ ಹುಡುಗರು ಒಂದೇ ಬಾಡಿಗೆ ಮನೇಲಿ ಸೇರ್ಕೊಂಡು ಬರೀತಾ ಜಗಳ ಆಡ್ತಾ ಇದ್ದೋರು. ನಿಮ್ಮ ಜೊತೆ ಗೇಮ್ ಆಡೋರಲ್ಲಿ ಒಬ್ರಿಗೆ ಆ ಗೇಮಿನ ಹಿಂದೆ ಪುಸ್ತಕ ಇದೆ ಅಂತ ಗೊತ್ತಿಲ್ಲದೆ ಇರಬಹುದು, ಅವರಿಗೆ ಒಂದು ಪುಸ್ತಕ ಕೊಡಿ, ಓದಿದ್ರಾ ಅಂತ ಒಂದು ತಿಂಗಳು ಕೇಳ್ಬೇಡಿ. ಅವರು ಅರ್ಧಕ್ಕೇ ಬಿಟ್ಟು, ಪಾತ್ರಗಳ ಹೆಸರು ತಪ್ಪು ತಪ್ಪಾಗಿ ಹೇಳ್ತಾ ಬಂದು, 'ಆ ಮಾಂತ್ರಿಕ ಯಾಕೆ ಹಾಗ್ ಮಾಡ್ದ?' ಅಂತ ಕೇಳಿದ್ರೆ ಹೆಸರು ತಿದ್ದೋಕೆ ಹೋಗ್ಬೇಡಿ, ಯಾಕೆ ಹಾಗ್ ಮಾಡ್ದ ಅಂತ ನಿಮಗೆ ಏನ್ ಅನ್ಸುತ್ತೋ ಅದನ್ನ ಹೇಳಿ.